ಮೆದುಳಿನ ಗಡ್ಡೆ ಆಪರೇಷನ್: ನ್ಯೂರೋಸರ್ಜನ್ ಮೇಡಂ ಜೊತೆ ಪ್ರಶ್ನೋತ್ತರ (ಹಾಸನ ಜಿಲ್ಲೆ ಗುಂಪು)

ಅಡ್ಮಿನ್: ಇವತ್ತು ಗ್ಲಯೋಬ್ಲಾಸ್ಟೋಮಾ (ಬೇಗ ಬೆಳೆಯೋ ಮೆದುಳಿನ ಕ್ಯಾನ್ಸರ್ ಗಡ್ಡೆ, ಗ್ರೇಡ್ 4) ಬಗ್ಗೆ ಕೇಳಿ. ರಿಪೋರ್ಟ್ ಹಾಕೋರು ಹೆಸರು ಮುಚ್ಚಿ ಹಾಕಿ.

ಅರಸೀಕೆರೆ: ನಮಸ್ತೆ ಮೇಡಂ. ಅಣ್ಣನಿಗೆ 46 ವರ್ಷ. ಎಂಆರ್‌ಐ ನೋಡಿ ಗ್ರೇಡ್ 4 ಇರಬಹುದು ಅಂದ್ರು. ಆಪರೇಷನ್ ಮಾಡಿಸಿದ್ರೆ ಪೂರ್ತಿ ಹೋಗುತ್ತಾ?

ಡಾಕ್ಟರ್: ನಮಸ್ತೆ. ಗ್ರೇಡ್ ಖಚಿತವಾಗೋದು ಬಯಾಪ್ಸಿಯಲ್ಲಿ, ಅಂದ್ರೆ ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡಿದಾಗ. ಗ್ಲಯೋಬ್ಲಾಸ್ಟೋಮಾ ಆಗಿದ್ರೆ, ಕಾಣೋ ಗಡ್ಡೆನೆಲ್ಲ ತೆಗೆದರೂ ಅದರ ಕಣಗಳು ಸುತ್ತಲಿನ ಮೆದುಳಿಗೆ ಆಗಲೇ ಇಳಿದಿರ್ತವೆ. ಪೂರ್ತಿ ಹೋಗಲ್ಲ. ಆದರೂ ಮಾಡಿಸಿ. ತಲೆಯೊಳಗಿನ ಒತ್ತಡ ಇಳಿಯುತ್ತೆ, ಹೆಚ್ಚು ತೆಗೆದಷ್ಟೂ ಸಾಮಾನ್ಯವಾಗಿ ಆಯಸ್ಸು ಹೆಚ್ಚು. ಮಾತಿನ ಜಾಗದ ಹತ್ತಿರ ಇದ್ರೆ ರೋಗಿನ ಎಚ್ಚರ ಇಟ್ಟು, ಮಾತಾಡಿಸ್ತಾ ತೆಗೀತೀವಿ. ಮಾತು ತಡವರಿಸಿತು ಅಂದ್ರೆ ಅಲ್ಲಿಗೇ ನಿಲ್ಲಿಸ್ತೀವಿ.

ಬೇಲೂರು: ಎಷ್ಟು ದಿನ ಬದುಕ್ತಾರೆ ಮೇಡಂ?

ಡಾಕ್ಟರ್: 2005ರ ದೊಡ್ಡ ಅಧ್ಯಯನದಲ್ಲಿ ಬರೀ ರೇಡಿಯೇಷನ್ ತಗೊಂಡವರಲ್ಲಿ ಅರ್ಧ ಜನ 12.1 ತಿಂಗಳು ದಾಟಿದ್ರು. ಟೆಮೊಜೊಲೊಮೈಡ್ ಅನ್ನೋ ಕೀಮೋ ಮಾತ್ರೆನೂ ಸೇರಿಸಿದಾಗ 14.6. ಎರಡು ವರ್ಷ ದಾಟಿದವರು ನೂರಕ್ಕೆ 10 ಇದ್ದದ್ದು 26 ಆಯ್ತು. ನಿಮ್ಮವರು ಯಾವ ಕಡೆ ಬೀಳ್ತಾರೆ ಅಂತ ಯಾರೂ ಹೇಳಕ್ಕಾಗಲ್ಲ.

ಸಕಲೇಶಪುರ: ಅಪ್ಪನಿಗೆ 58. ಬೆಂಗಳೂರಲ್ಲಿ ಆಪರೇಷನ್ ಆಗಿ ಏಳು ವಾರ. ರೇಡಿಯೇಷನ್ ಬೇಡ ಅಂತ ಮನೆಗೆ ಕರ್ಕೊಂಡು ಬಂದ್ವಿ. ನಾಟಿ ಔಷಧಿಯವರು ಇಂಗ್ಲಿಷ್ ಮಾತ್ರೆ ಎಲ್ಲ ಬಿಡಿ ಅಂದ್ರು, ಬಿಟ್ಟು ನಾಲ್ಕು ದಿನ. ಈಗ ಬೆಳಿಗ್ಗೆ ಹೊತ್ತು ವಾಂತಿ, ತಲೆನೋವು. ಕರೆದರೆ ಕಣ್ಣು ಬಿಟ್ಟು ಮತ್ತೆ ಮಲಗ್ತಾರೆ. ಔಷಧಿ ಹಿಡೀತಿದೆ ಅಂತಾನಾ?

ಡಾಕ್ಟರ್: ಅಲ್ಲ. ಇದು ಮೆದುಳು ಊದಿಕೊಂಡಿರೋ ಲಕ್ಷಣ. ಈಗಲೇ 108ಕ್ಕೆ ಫೋನ್ ಮಾಡಿ, ಹಾಸನದ ಹಿಮ್ಸ್ (ಸರ್ಕಾರಿ ಆಸ್ಪತ್ರೆ) ಎಮರ್ಜೆನ್ಸಿಗೆ ಕರ್ಕೊಂಡು ಬನ್ನಿ. ನಿಲ್ಲಿಸಿದ ಮಾತ್ರೇಲಿ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಇದ್ದಿರಬೇಕು. ಊತ ಇಳಿಸೋದೇ ಅದು. ವಾರಗಟ್ಟಲೆ ತಗೊಂಡವರ ಮೈ ತನ್ನ ಸ್ಟೀರಾಯ್ಡ್ ತಾನೇ ಮಾಡ್ಕೊಳೋದನ್ನ ಕಡಿಮೆ ಮಾಡಿರುತ್ತೆ, ಒಮ್ಮೆಲೇ ಬಿಟ್ರೆ ಬಿಪಿ ಕುಸಿಯಬಹುದು. ಫಿಟ್ಸ್ ಮಾತ್ರೆನೂ ಬಿಟ್ಟಿದ್ರೆ ಯಾವಾಗ ಬೇಕಾದ್ರೂ ಫಿಟ್ಸ್ ಬರಬಹುದು. ಬಂದ್ರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಚಮಚ ತುರುಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. ಮಂಪರಲ್ಲಿರೋರಿಗೆ ಕಷಾಯ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತೆ. ಡಿಸ್ಚಾರ್ಜ್ ಸಮರಿ, ಬಯಾಪ್ಸಿ ರಿಪೋರ್ಟ್, ಮಾತ್ರೆ ಚೀಟಿ ಕೈಲಿರಲಿ. ರೇಡಿಯೇಷನ್ ತಡವಾಗಿದೆ, ಬಾಗಿಲು ಮುಚ್ಚಿಲ್ಲ. ಅದನ್ನ ಆಮೇಲೆ ಮಾತಾಡೋಣ. ಹೊರಟಿದ್ದೀವಿ ಅಂತ ಇಲ್ಲೇ ಬರೀರಿ.

ಹೊಳೆನರಸೀಪುರ: ಫಾರ್ವರ್ಡ್: ಲಕ್ಷ್ಮಣಫಲದ ಎಲೆ ಕಷಾಯ ಕೀಮೋಗಿಂತ ಹತ್ತು ಸಾವಿರ ಪಟ್ಟು ಪವರ್. ಎಲ್ಲರಿಗೂ ಕಳಿಸಿ.

ಡಾಕ್ಟರ್: ಕಳಿಸಬೇಡಿ. ಮನುಷ್ಯರಲ್ಲಿ ಮೆದುಳಿನ ಗಡ್ಡೆ ಅದರಿಂದ ಕರಗಿದ ಪುರಾವೆ ಇಲ್ಲ. ಮೇಲಿನ ಮೆಸೇಜ್ ಓದಿದ್ರಾ?

ಹೊಳೆನರಸೀಪುರ: ಒಳ್ಳೇದಾಗಲಿ ಅಂತ ಹಾಕಿದ್ದು ಮೇಡಂ.

ಕಡೂರು: ತಲೆ ಓಪನ್ ಮಾಡಿದ್ರೇನೇ ಹರಡೋದು. ನಮ್ಮ ಮಾವ ಆಪರೇಷನ್ ಆಗಿ ಮೂರೇ ತಿಂಗಳಿಗೆ ಹೋದ್ರು.

ಆಲೂರು: ಯಾಕ್ರೀ ಹೆದರಿಸ್ತೀರಾ? ನಮ್ಮ ಚಿಕ್ಕಮ್ಮ ಆಪರೇಷನ್ ಆಗಿ ಎಂಟು ವರ್ಷ, ಈಗಲೂ ತೋಟಕ್ಕೆ ಹೋಗ್ತಾರೆ.

ಡಾಕ್ಟರ್: ಚಿಕ್ಕಮ್ಮನದು ಯಾವ ಗಡ್ಡೆ?

ಆಲೂರು: ಮೆನಿಂಜಿಯೋಮಾ ಅಂತ ಬರೆದಿದೆ.

ಡಾಕ್ಟರ್: ಅದು ಮೆದುಳಿನ ಹೊದಿಕೆಯಿಂದ ಬೆಳೆಯೋದು, ಹೆಚ್ಚಿನವು ಕ್ಯಾನ್ಸರ್ ಅಲ್ಲ. ಇದಕ್ಕೆ ಹೋಲಿಸಬೇಡಿ. ಕಡೂರಿನವರೇ, ಕತ್ತಿ ತಾಗಿ ಹರಡೋದಲ್ಲ. ಗ್ಲಯೋಬ್ಲಾಸ್ಟೋಮಾದ ಗುಣವೇ ಅದು.

ಕಡೂರು: ದುಡ್ಡು ಮಾಡೋರು ಹಾಗೇ ಹೇಳೋದು.

ಆಲೂರು: ಸ್ವಾಮಿ, ಮೇಡಂ ಪುಕ್ಕಟೆ ಉತ್ತರ ಕೊಡ್ತಿದಾರೆ. ನಾಲಿಗೆ ಹಿಡಿತದಲ್ಲಿರಲಿ.

ಕಡೂರು: ನೀನ್ಯಾರಯ್ಯ ಹೇಳೋಕೆ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಚನ್ನರಾಯಪಟ್ಟಣ: ಆಯುಷ್ಮಾನ್ ಕಾರ್ಡಲ್ಲಿ ರೇಡಿಯೇಷನ್ ಆಗುತ್ತಾ ಮೇಡಂ?

ಅರಕಲಗೂಡು: ಅಮ್ಮನಿಗೆ 74, ಆರು ವಾರ ರೇಡಿಯೇಷನ್ ತಡ್ಕೋತಾರಾ?

ಡಾಕ್ಟರ್: ವಯಸ್ಸಾದವರಿಗೆ ಮೂರು ವಾರದ್ದೂ ಇದೆ, 15 ಸಲ. ತಮ್ಮ ಕೆಲಸ ತಾವೇ ಮಾಡ್ಕೋತಾರಾ ಅನ್ನೋದರ ಮೇಲೆ ತೀರ್ಮಾನ.

ಮೂಡಿಗೆರೆ: ಎಷ್ಟು ದಿನ ಬದುಕಬಹುದು ಮೇಡಂ?

ಡಾಕ್ಟರ್: ಮೇಲೆ ಬರೆದಿದ್ದೀನಿ.

ಬೇಲೂರು: ಕರೆಕ್ಟಾಗಿ ಎಷ್ಟು ತಿಂಗಳು ಅಂತ ಹೇಳಿ.

ಡಾಕ್ಟರ್: ಹೇಳಲ್ಲ. ಸಕಲೇಶಪುರದವರು ಎಲ್ಲಿ?

ಸಕಲೇಶಪುರ: ಚಿಕ್ಕಪ್ಪ ಬೆಳಿಗ್ಗೆ ನೋಡೋಣ ಅಂತಿದಾರೆ ಮೇಡಂ. ರಾತ್ರಿ ಮಳೆ ಬೇರೆ.

ಡಾಕ್ಟರ್: ಬೆಳಿಗ್ಗೆ ಅಲ್ಲ. ಚಿಕ್ಕಪ್ಪನ ನಂಬರ್ ನನಗೆ ಪರ್ಸನಲ್ಲಾಗಿ ಕಳಿಸಿ, ನಾನೇ ಮಾತಾಡ್ತೀನಿ.

ಚನ್ನರಾಯಪಟ್ಟಣ: ಮೇಡಂ, ಕಾರ್ಡ್ ವಿಷಯ?