ಅಪ್‌ಡೇಟ್: ಆಫೀಸಿನ ಹೊಸ ಹುಡುಗರ ಜೊತೆ ಮಾತಾಡಿದೆ

ಮುಂಬೈನ ಅಂಧೇರಿಯ ನಮ್ಮ ಲೆಕ್ಕಪತ್ರದ ಆಫೀಸಿನಲ್ಲಿ ಹೊಸಬರು ಫೋನ್ ಎತ್ತುವುದಿಲ್ಲ, ಆರು ಗಂಟೆಗೆ ಎದ್ದು ಹೋಗುತ್ತಾರೆ, ಬಿಗಿ ಮಾಡಲಾ ಎಂದು ಕೇಳಿದ್ದೆ. ಮೊದಲು ಅವರ ಜೊತೆ ಕೂತು ಮಾತಾಡಿ ಎಂದವರೇ ಜಾಸ್ತಿ. ಹಾಗೇ ಮಾಡಿದೆ.

ಡೊಂಬಿವಲಿಯಿಂದ ಬರುವ ಹುಡುಗಿ ನೇರವಾಗಿ ಹೇಳಿದಳು: "ಸರ್, ದಾದರ್‌ನಲ್ಲಿ ಲೋಕಲ್ ರೈಲು ಬದಲಿಸಬೇಕು. ಸ್ವಲ್ಪ ತಡವಾದ್ರೂ ರಶ್ಶಿನಲ್ಲಿ ಒಳಗೆ ಕಾಲಿಡೋಕೆ ಆಗಲ್ಲ. ಜಾಸ್ತಿ ಕೆಲಸ ಇದ್ರೆ ಹಿಂದಿನ ದಿನವೇ ಹೇಳಿ, ಬೆಳಿಗ್ಗೆ ಬೇಗ ಬರ್ತೀನಿ." ನ್ಯಾಯವಾದ ಮಾತು, ಅಲ್ವಾ?

ಈಗ ಜಿಎಸ್‌ಟಿ ರಿಟರ್ನ್‌ಗಳ ಕೊನೆಯ ದಿನಗಳನ್ನು, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಬಿಲ್‌ಗಳ ವಿವರ), 20ಕ್ಕೆ 3ಬಿ (ತಿಂಗಳ ತೆರಿಗೆಯ ಲೆಕ್ಕ) ಎಂದು ತಿಂಗಳ ಶುರುವಿನಲ್ಲೇ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇನೆ. ಯಾವ ಪಾರ್ಟಿಯ, ಅಂದರೆ ನಮ್ಮ ಗಿರಾಕಿಯ, ಬಿಲ್ ಯಾರು ನೋಡಬೇಕು ಎಂದೂ ಬರೆಯುತ್ತೇನೆ. ಜಿಎಸ್‌ಟಿಆರ್-1 ತಡವಾದರೆ ಮಾಲು ಕೊಂಡವರಿಗೆ ಆ ತಿಂಗಳ 2ಬಿಯಲ್ಲಿ (ಪೋರ್ಟಲ್ ತೋರಿಸುವ ಕ್ರೆಡಿಟ್ ಪಟ್ಟಿ) ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತ, ಕಾಣುವುದಿಲ್ಲ, ಅವರು ನಮ್ಮ ಪಾರ್ಟಿಯನ್ನು ಹಿಡಿದು ಕೇಳುತ್ತಾರೆ. ಇದನ್ನು ಬಿಡಿಸಿ ಹೇಳಿದ ಮೇಲೆ ಯಾರೂ ಕೆಲಸ ಮುಂದಕ್ಕೆ ಹಾಕಿಲ್ಲ. ಸುಮ್ನೆ "ಬೇಗ ಮುಗಿಸಿ" ಅಂದರೆ ಅವರಿಗೆ ಸಾಲದು. ಫೋನ್ ತೀರಾ ಅರ್ಜೆಂಟಿಗೆ ಮಾತ್ರ, ಆಗ ಎತ್ತುತ್ತಾರೆ.

ತಪ್ಪು ತೋರಿಸಿದರೆ ಒಬ್ಬ ಹುಡುಗ ಇನ್ನೂ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ. ಅವನನ್ನು ಪಕ್ಕಕ್ಕೆ ಕರೆದು ಹೇಳುತ್ತಿದ್ದೇನೆ. ಮೊನ್ನೆ ಅವನೇ ಒಂದು ಬಿಲ್ ಹಿಡಿದು ಬಂದು "ಇದು ಸರೀನಾ ಸರ್?" ಎಂದು ಕೇಳಿದ. ತುಂಬಾ ಖುಷಿಯಾಯಿತು.