ರಾತ್ರಿ ಸ್ವಿಚ್ ತೆಗೆದರೆ ಇಂಕ್ ಉಳಿಯುತ್ತಾ?

ಸತೀಶ: ಫಾರ್ವರ್ಡ್ ಬಂದಿದ್ದು 👇
"ದೊಡ್ಡ ಇಂಕ್‌ಜೆಟ್ ಪ್ರಿಂಟರ್ ಖರ್ಚು ಇಳಿಸಿ! ರಾತ್ರಿ ಮೇನ್ ಸ್ವಿಚ್ ತೆಗೆಯಿರಿ. ದಿನಾ ಬೆಳಗ್ಗೆ ಹೆಡ್ ಕ್ಲೀನಿಂಗ್ ಕೊಡಿ. ಅಗ್ಗದ ಇಂಕ್ ತುಂಬಿಸಿ."

ಅನಿತಾ: ಮೊದಲೆರಡು ಮಾಡಿದರೆ ಖರ್ಚು ಏರುತ್ತೆ ಮಾರಾಯ.

ಸತೀಶ: ಕರೆಂಟ್ ಉಳಿಯಲ್ವಾ?

ಅನಿತಾ: ಅದು ಚಿಲ್ಲರೆ. ಮೇನ್ ಹೋದಾಗ ಹೆಡ್ (ಇಂಕ್ ಚಿಮ್ಮಿಸೋ ಭಾಗ) ಕ್ಯಾಪ್ ಅನ್ನೋ ಮುಚ್ಚಳದ ಮೇಲೆ ಕೂತಿಲ್ಲ ಅಂದ್ರೆ ನಾಜಲ್, ಅಂದ್ರೆ ಇಂಕ್ ಬರೋ ಸಣ್ಣ ತೂತು, ಒಣಗುತ್ತೆ. ಸ್ಲೀಪ್‌ನಲ್ಲೇ ಬಿಡು. ಆಫ್ ಮಾಡಲೇಬೇಕಾದ್ರೆ ಪ್ರಿಂಟರಿನ ಬಟನ್ ಒತ್ತಿ, ಹೆಡ್ ಪಾರ್ಕ್ ಆಗೋವರೆಗೆ, ಅಂದ್ರೆ ಕ್ಯಾಪ್ ಮೇಲೆ ಕೂರೋವರೆಗೆ ಕಾಯಿ. ಎಷ್ಟೋ ಮಾಡೆಲ್‌ಗಳು ಆನ್ ಆದಾಗ ತಾವೇ ಇಂಕ್ ಎಳೆದು ಕ್ಲೀನ್ ಮಾಡ್ಕೊಳ್ತವೆ. ಆ ಇಂಕ್ ಸೀದಾ ಮೇಂಟೆನೆನ್ಸ್ ಟ್ಯಾಂಕಿಗೆ, ಅಂದ್ರೆ ವೇಸ್ಟ್ ಇಂಕ್ ಸೇರೋ ಡಬ್ಬಿಗೆ. ಇಂಕಿಗೂ ದುಡ್ಡು, ಟ್ಯಾಂಕಿಗೂ ದುಡ್ಡು.

ಇಮ್ರಾನ್: ಬೆಳಗ್ಗೆ ನಾಜಲ್ ಚೆಕ್ (ಪ್ರತಿ ಬಣ್ಣದ ಗೆರೆ ಹಾಕಿ ನೋಡೋ ಪ್ರಿಂಟ್) ಸಾಕು. ಗೆರೆ ಮುರಿದ ಬಣ್ಣಕ್ಕೆ ಮಾತ್ರ ಕ್ಲೀನಿಂಗ್, ಹಾಗೆ ಆರಿಸೋ ಸೌಲಭ್ಯ ಇದ್ರೆ. ಎರಡು ಸಲಕ್ಕೂ ಸರಿಹೋಗಲಿಲ್ವಾ, ಮೂರನೇದು ಕೊಡ್ಬೇಡ. ಕೆಲವು ಗಂಟೆ ಬಿಟ್ಟು ಮತ್ತೆ ಚೆಕ್ ಮಾಡು, ಗಾಳಿಗುಳ್ಳೆ ಆಗಿದ್ರೆ ಅಷ್ಟರಲ್ಲಿ ಹೋಗಿರಬಹುದು. ಆಮೇಲೂ ಹಾಗೇ ಇದ್ರೆ ವೈಪರ್ (ಹೆಡ್ ಒರೆಸೋ ಪಟ್ಟಿ) ನೋಡು, ಕ್ಯಾಪಿನ ಅಂಚು ನೋಡು. ಅಂಚಲ್ಲಿ ಇಂಕ್ ಗಟ್ಟಿಕಟ್ಟಿದ್ರೆ ಸಕ್ಷನ್ ಹಿಡಿಯಲ್ಲ, ಎಷ್ಟು ಕ್ಲೀನಿಂಗ್ ಕೊಟ್ರೂ ದಂಡ.

ಸತೀಶ: ಸರಿ, ಮೂರನೇದು? ದೊಡ್ಡ ಖರ್ಚು ಇಂಕೇ ತಾನೆ?

ಅನಿತಾ: ಕಟ್ಟಡದ ಗೆರೆ ನಕ್ಷೆಗೆ ಇಂಕ್ ಎಷ್ಟು ಹೋಗುತ್ತೆ? ಅಲ್ಲಿ ಪೇಪರ್ ನೋಡ್ಬೇಕು. 914 ಮಿ.ಮೀ. ಅಗಲದ ರೋಲ್‌ನಲ್ಲಿ ಎ1 ಹಾಳೆ (594 × 841 ಮಿ.ಮೀ.) ಉದ್ದಕ್ಕೆ ಹಾಕಿದ್ರೆ 841 ಮಿ.ಮೀ. ರೋಲ್ ಓಡುತ್ತೆ, ಅಡ್ಡ ತಿರುಗಿಸಿದ್ರೆ 594. ಹಾಳೆಗೆ 247 ಉಳೀತು. ಡ್ರೈವರ್‌ನಲ್ಲಿ ಆಟೋ ರೊಟೇಟ್ ಟಿಕ್ ಮಾಡೋದಷ್ಟೇ ಕೆಲಸ.

ಇಮ್ರಾನ್: ಪೋಸ್ಟರ್, ಫೋಟೋ ಆದ್ರೆ ಸತೀಶ ಹೇಳೋದ್ರಲ್ಲೂ ಹುರುಳಿದೆ. ಆದ್ರೆ ಹಳೇ ಇಂಕ್ ಮೇಲೆ ಹೊಸದು ಸುರಿಯೋ ಹಾಗಿಲ್ಲ. ಪಿಗ್ಮೆಂಟ್ ಇಂಕೂ (ಬಣ್ಣದ ಕಣ ಇರೋದು) ಡೈ ಇಂಕೂ (ಬಣ್ಣ ಕರಗಿರೋದು) ಬೆರೆತ್ರೆ ಟ್ಯೂಬ್, ಡ್ಯಾಂಪರ್ (ಹೆಡ್ ಹತ್ತಿರದ ಪುಟ್ಟ ಇಂಕ್ ಡಬ್ಬಿ) ಕಟ್ಟಿಕೊಳ್ಳಬಹುದು. ಇಂಕ್ ಹರಿಯೋ ಲೈನ್ ಪೂರ್ತಿ ತೊಳೀಬೇಕು, ಪ್ರತಿ ಪೇಪರಿಗೂ ಹೊಸ ಐಸಿಸಿ ಪ್ರೊಫೈಲ್ (ಬಣ್ಣ ಸರಿಯಾಗಿ ಬರೋಕೆ ಬೇಕಾದ ಫೈಲ್) ಮಾಡ್ಬೇಕು. ಅದನ್ನೂ ಲೆಕ್ಕಕ್ಕೆ ಹಿಡಿ.

ಅನಿತಾ: ಅಷ್ಟೆಲ್ಲ ಯಾಕೆ? 350, 700 ಮಿ.ಲೀ. ಇಂಕ್ ಕಾರ್ಟ್ರಿಜ್ ಎರಡೂ ಸಿಗೋ ಮಾಡೆಲ್ ಆದ್ರೆ 700ರದ್ದೇ ಹಾಕು. ಮಿಲಿ ಲೆಕ್ಕದಲ್ಲಿ ಸಾಮಾನ್ಯವಾಗಿ ಅದೇ ಅಗ್ಗ.

ಇಮ್ರಾನ್: ಎಲ್ಲ ಬಣ್ಣಕ್ಕೂ ಬೇಡ ಕಣೇ. ಹಾಕಿದ ಕಾರ್ಟ್ರಿಜ್ 6 ತಿಂಗಳೊಳಗೆ ಮುಗಿಸಿ ಅಂತ ಹಲವು ಕಂಪನಿಗಳೇ ಹೇಳ್ತವೆ. ಬೇಗ ಖಾಲಿಯಾಗೋ ಬಣ್ಣಕ್ಕೆ 700, ಮಿಕ್ಕಿದ್ದಕ್ಕೆ 350.

ಸತೀಶ: ಹಂಗಾದ್ರೆ ಫಾರ್ವರ್ಡ್ ಡಿಲೀಟ್ ಮಾಡ್ಲಾ?

ಅನಿತಾ: ಮಾಡು. ಇಮ್ರಾನ್, ಪ್ರೊಫೈಲ್ ಮಾಡೋಕೆ ಬಣ್ಣ ಅಳೆಯೋ ಸ್ಪೆಕ್ಟ್ರೋ ಯಂತ್ರದ ಬಾಡಿಗೆ ಯಾರ ಲೆಕ್ಕಕ್ಕೆ?