ಹುರಿದ ಹೇಜಲ್‌ನಟ್ ರುಚಿ ಚಾಕೊಲೇಟ್‌ನಲ್ಲಿ ಕಳೆದುಹೋಗುತ್ತಿದೆ, ಜೊತೆಗೆ ಏನು ಹಾಕಲಿ?

ರಾತ್ರಿಬೇಕರ್

ಎಲ್ಲರಿಗೂ ನಮಸ್ಕಾರ. ಹೇಜಲ್‌ನಟ್ ಹುರಿಯುವಾಗ ಒಂದು ಘಮ ಬರುತ್ತದಲ್ಲ, ಅದು ನನ್ನ ಕೇಕಿನಲ್ಲಿ ಬರುತ್ತಲೇ ಇಲ್ಲ. 85 ಪರ್ಸೆಂಟ್ ಕೋಕೋ ಇರುವ ಡಾರ್ಕ್ ಚಾಕೊಲೇಟ್ 300 ಗ್ರಾಂ, ಒಂದು ಕಪ್ ಗಟ್ಟಿ ಬ್ಲ್ಯಾಕ್ ಕಾಫಿ, ಆಮೇಲೆ 50 ಗ್ರಾಂ ಹುರಿದ ಹೇಜಲ್‌ನಟ್ ತರಿತರಿಯಾಗಿ ಪುಡಿ ಮಾಡಿ ಹಾಕುತ್ತೇನೆ. ತಿಂದರೆ ಬರೀ ಕಹಿ, ಕೊನೆಗೆ ನಾಲಿಗೆ ಮೇಲೆ ಒಗರು ಉಳಿಯುತ್ತದೆ. ಸಕ್ಕರೆ ಜಾಸ್ತಿ ಮಾಡಿದರೆ ಸಿಹಿಯೂ ಕಹಿಯೂ ಎರಡೂ ಜಾಸ್ತಿ ಆದ ಹಾಗೆ ಅನಿಸುತ್ತದೆ. ಚಕ್ಕೆ, ಲವಂಗ ಹಾಕಿದರೆ ಅವುಗಳದ್ದೇ ದರ್ಬಾರು. ಇದೇ ಹೇಜಲ್‌ನಟ್ ಸಲಾಡ್‌ಗೆ ಹಾಕಿದರೆ ಅಲ್ಲಿ ಮೆತ್ತಗಾಗಿ ಸಪ್ಪೆ ಹೊಡೆಯುತ್ತದೆ. ಇದಕ್ಕೆ ನಿಜವಾಗಿ ಹೊಂದುವ ಜೋಡಿ ಯಾವುದು?

ಒಲೆಮುಂದೆ

ಜೋಡಿ ಆಮೇಲೆ ನೋಡೋಣ. ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಹುರಿಯುತ್ತೀರಿ? ಸಿಪ್ಪೆ ತೆಗೆಯುತ್ತೀರಾ? ಹುರಿದದ್ದು ಒಂದನ್ನು ಚಾಕುವಿನಲ್ಲಿ ಎರಡು ಹೋಳು ಮಾಡಿ ಒಳಗಿನ ಬಣ್ಣ ಹೇಳಿ.

ರಾತ್ರಿಬೇಕರ್

ಓವನ್ 200 ಡಿಗ್ರಿ, ಸುಮಾರು 10 ನಿಮಿಷ. ಸಿಪ್ಪೆ ತೆಗೆಯುವುದಿಲ್ಲ, ಅದರಲ್ಲೇ ಸತ್ವ ಇರುತ್ತದೆ ಅಂತ ಎಲ್ಲೋ ಓದಿದ್ದೆ. ಈಗ ಹೋಳು ಮಾಡಿ ನೋಡಿದೆ. ಅಂಚು ಕಡು ಕಂದು, ನಡುವೆ ಇನ್ನೂ ಬಿಳಿ.

ಒಲೆಮುಂದೆ

ಅರ್ಧ ಉತ್ತರ ಅಲ್ಲೇ ಇದೆ ನೋಡಿ. ಹೊರಗೆ ಸೀಯುವ ಹಂತ, ಒಳಗೆ ಹಸಿ. 150ರಿಂದ 160 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 12-15 ನಿಮಿಷ ಇಡಿ, ನಡುವೆ ಒಂದು ಸಲ ಟ್ರೇ ಅಲ್ಲಾಡಿಸಿ. ಗಡಿಯಾರಕ್ಕಿಂತ ಹೋಳನ್ನು ನಂಬಿ: ಅಂಚಿನಿಂದ ನಡುವಿನವರೆಗೂ ಒಂದೇ ಸಮ ತಿಳಿ ಹೊಂಬಣ್ಣ ಬಂದರೆ ಸಾಕು. ಹೊರಗೆ ತೆಗೆದ ಮೇಲೂ ಒಳಗಿನ ಬಿಸಿಗೆ ಸ್ವಲ್ಪ ಹೊತ್ತು ಹುರಿಯುತ್ತಲೇ ಇರುತ್ತದೆ, ಹಾಗಾಗಿ ಒಂದು ಗಳಿಗೆ ಮುಂಚೆಯೇ ತೆಗೆಯಿರಿ.

ಒಗರು ಬರುವುದು ಸಿಪ್ಪೆಯಿಂದ. ಆ ಕಂದು ಪೊರೆಯಲ್ಲಿ ಟ್ಯಾನಿನ್ ತುಂಬಾ ಇದೆ. ಬಿಸಿ ಇರುವಾಗಲೇ ಒರಟು ಟವೆಲ್‌ನಲ್ಲಿ ಗಂಟು ಕಟ್ಟಿ, ಐದು ನಿಮಿಷ ಬಿಟ್ಟು, ಗಸಗಸ ಅಂತ ಉಜ್ಜಿ. ಮುಕ್ಕಾಲು ಭಾಗ ಬಿಟ್ಟುಕೊಂಡರೂ ಸಾಕು, ಅಲ್ಲಲ್ಲಿ ಅಂಟಿರುವುದರಿಂದ ಏನೂ ಆಗುವುದಿಲ್ಲ. ಪೂರ್ತಿ ಬೆಳ್ಳಗೆ ಬೇಕು ಅಂದರೆ ಹುರಿಯುವ ಮೊದಲು ಅಡುಗೆ ಸೋಡಾ ಹಾಕಿದ ಕುದಿಯುವ ನೀರಿನಲ್ಲಿ ಮೂರ್ನಾಲ್ಕು ನಿಮಿಷ ಬೇಯಿಸಿ. ನೀರು ಕಪ್ಪಗಾಗಿ ಉಕ್ಕಿ ಬರುತ್ತದೆ, ದೊಡ್ಡ ಪಾತ್ರೆಯನ್ನೇ ಇಡಿ. ತಣ್ಣೀರಿಗೆ ಹಾಕಿದರೆ ಸಿಪ್ಪೆ ಬೆರಳಿಗೇ ಜಾರುತ್ತದೆ. ಆದರೆ ಚೆನ್ನಾಗಿ ಒಣಗಿಸಿ ಹುರಿಯಬೇಕು.

ಇನ್ನೊಂದು ವಿಷಯ. ಇದರಲ್ಲಿ ಸುಮಾರು 60 ಪರ್ಸೆಂಟ್ ಕೊಬ್ಬು. ಹುರಿದು, ಪುಡಿ ಮಾಡಿ ಇಟ್ಟರೆ ಬೇಗ ಕಮಟು ಹಿಡಿಯುತ್ತದೆ. ಹಸಿಯದ್ದನ್ನು ಡಬ್ಬಿಯಲ್ಲಿ ಮುಚ್ಚಿ ಫ್ರೀಜರ್‌ನಲ್ಲಿ ಇಡಿ, ಬೇಕಾದಾಗ ಬೇಕಾದಷ್ಟೇ ಹುರಿಯಿರಿ.

ಉಪ್ಪುಹುಳಿ

ಹುರಿಯುವುದು ಸರಿಹೋದರೂ ಈ ಕೇಕಿನಲ್ಲಿ ಹೇಜಲ್‌ನಟ್ ಮೇಲೆ ಬರುವುದು ಕಷ್ಟ. ಕೋಕೋ ಹುರಿದದ್ದು, ಕಾಫಿ ಹುರಿದದ್ದು, ಹೇಜಲ್‌ನಟ್ಟೂ ಹುರಿದದ್ದು. ಹುರಿದಾಗ ಹುಟ್ಟುವ ಪೈರಜೀನ್ ಅನ್ನುವ ವಾಸನೆಯ ಅಣುಗಳು ಮೂರರಲ್ಲೂ ಇವೆ. ಅದಕ್ಕೇ ಇವು ಚೆನ್ನಾಗಿ ಹೊಂದುತ್ತವೆ, ಅದಕ್ಕೇ ಒಂದರಲ್ಲಿ ಒಂದು ಮುಳುಗಿಯೂ ಹೋಗುತ್ತವೆ. ಹೇಜಲ್‌ನಟ್‌ಗೆ ಅಂತಲೇ ಇರುವ ಘಮ ಫಿಲ್ಬರ್ಟೋನ್ ಅನ್ನುವುದರದ್ದು. ಹಸಿ ಕಾಳಿನಲ್ಲಿ ಸ್ವಲ್ಪವೇ ಇರುತ್ತದೆ, ಹುರಿದಾಗ ಜಾಸ್ತಿಯಾಗುತ್ತದೆ. ಎಲ್ಲರೂ ಒಟ್ಟಿಗೆ ಕೂಗುವ ಮದುವೆ ಮನೆಯಲ್ಲಿ ಮೆಲ್ಲಗೆ ಮಾತಾಡುವವರ ಮಾತು ಯಾರಿಗೆ ಕೇಳಬೇಕು ಹೇಳಿ!

ಅಳತೆ ನೋಡಿ. 300 ಗ್ರಾಂ ಚಾಕೊಲೇಟ್‌ಗೆ 50 ಗ್ರಾಂ ಯಾವ ಮೂಲೆಗೆ? ಇಟಲಿಯ ಟ್ಯೂರಿನ್‌ನವರ ಜಾಂದೂಯಾ ಇದೆಯಲ್ಲ, ಚಾಕೊಲೇಟ್ ಮತ್ತು ಹೇಜಲ್‌ನಟ್ ಎರಡನ್ನೂ ಅರೆದು ಮಾಡುವುದು, ಅದಕ್ಕೆ ಆ ಹೆಸರು ಇಡಬೇಕಾದರೆ 100 ಗ್ರಾಂನಲ್ಲಿ 20ರಿಂದ 40 ಗ್ರಾಂ ಹೇಜಲ್‌ನಟ್ ಇರಬೇಕು ಅಂತ ಯೂರೋಪಿನ ನಿಯಮವೇ ಇದೆ. (ನೆಪೋಲಿಯನ್ ಕಾಲದಲ್ಲಿ ವ್ಯಾಪಾರಕ್ಕೆ ತಡೆ ಬಿದ್ದು ಕೋಕೋ ದುಬಾರಿಯಾದಾಗ ಅಲ್ಲೇ ಸುತ್ತಮುತ್ತ ಬೆಳೆಯುವ ಹೇಜಲ್‌ನಟ್ ಬೆರೆಸಿದರು ಅಂತ ಇದರ ಕಥೆ. ಕಥೆ ಎಷ್ಟು ನಿಜವೋ, ರುಚಿಯಂತೂ ನಿಜ.) ಅವರು ತರಿಯಾಗಿ ಬಿಡದೆ ನುಣ್ಣಗೆ ಅರೆಯುವುದಕ್ಕೂ ಕಾರಣ ಇದೆ. ಅರೆದಾಗ ಎಣ್ಣೆ ಹೊರಗೆ ಬರುತ್ತದೆ, ಘಮ ಎಣ್ಣೆಯಲ್ಲೇ ಇರುತ್ತದೆ, ಅದು ಕೇಕಿನ ಎಲ್ಲಾ ಕಡೆಗೂ ಹರಡುತ್ತದೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ: ಚಾಕೊಲೇಟ್ 55-60 ಪರ್ಸೆಂಟ್‌ನದ್ದು, ಇಲ್ಲ ಅರ್ಧ ಮಿಲ್ಕ್ ಚಾಕೊಲೇಟ್. ಹೇಜಲ್‌ನಟ್ 120 ಗ್ರಾಂ, ಅದರಲ್ಲಿ ಬಹುಪಾಲು ನುಣ್ಣಗೆ ಅರೆದದ್ದು, ಒಂದು ಹಿಡಿ ಮಾತ್ರ ಕಡಿಯಲು ಸಿಗುವ ಹಾಗೆ ದಪ್ಪಗೆ. ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ತಳದ ಚರಟ ಕೆಂಪಗಾಗುವವರೆಗೆ ಕಾಯಿಸಿ ಹಾಕುವುದು, ಆ ವಾಸನೆ ಹೇಜಲ್‌ನಟ್‌ಗೆ ಒಡಹುಟ್ಟಿದ್ದು. ಕಾಫಿ ಬೇಡ. ಒಂದು ಚಿಟಿಕೆ ಉಪ್ಪು ಬೇಕೇ ಬೇಕು, ಉಪ್ಪು ಕಹಿಯನ್ನು ತಗ್ಗಿಸುತ್ತದೆ, ಈ ಕೆಲಸದಲ್ಲಿ ಸಕ್ಕರೆಗಿಂತ ಅದೇ ಮೇಲು. ಕೊನೆಗೆ ಹುಳಿ: ರಾಸ್ಪ್‌ಬೆರಿ, ಹುಳಿ ಚೆರ್ರಿ, ಕಿತ್ತಳೆ, ಯಾವುದಾದರೂ ಒಂದು. ಕೊಬ್ಬಿನಿಂದ ಮಂಕಾದ ನಾಲಿಗೆಯನ್ನು ಹುಳಿ ಎಬ್ಬಿಸುತ್ತದೆ, ಮುಂದಿನ ತುತ್ತಿಗೆ ಹೇಜಲ್‌ನಟ್ ಮತ್ತೆ ಹೊಸದಾಗಿ ಸಿಗುತ್ತದೆ.

ಚಾಕೊಲೇಟ್‌ಪುಡಿ

ಕಾಫಿ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ ಮಾರಾಯರೇ. ಕಾಫಿ-ಹೇಜಲ್‌ನಟ್ ಜೋಡಿ ಸುಮ್ನೆ ಹುಟ್ಟಿದ್ದಲ್ಲ.

ಉಪ್ಪುಹುಳಿ

ಜೋಡಿ ಚೆನ್ನಾಗಿದೆ, ಮೂರನೆಯದಾಗಿ ಡಾರ್ಕ್ ಚಾಕೊಲೇಟ್ ಬಂದಾಗ ತಕರಾರು. ಕಾಫಿ ಬೇಕಾದರೆ ಚಾಕೊಲೇಟ್ ಬಿಡಿ, ಕೆನೆ ಸೇರಿಸಿ. ಕಾಫಿ, ಕೆನೆ, ಹೇಜಲ್‌ನಟ್ ಮೂರೇ ಇರುವ ಐಸ್‌ಕ್ರೀಮ್ ತಿಂದು ನೋಡಿ, ಅಲ್ಲಿ ಎರಡೂ ಬೇರೆಬೇರೆಯಾಗಿ ಗೊತ್ತಾಗುತ್ತವೆ.

ಚಾಕೊಲೇಟ್‌ಪುಡಿ

ಕೆನೆ ಇದ್ದರೆ ಸರಿ, ಅದಕ್ಕೆ ನನ್ನದೂ ಓಟು. ಮಸಾಲೆ ಬಗ್ಗೆ ಒಂದು ಮಾತು: ಏಲಕ್ಕಿ ಚೆನ್ನಾಗಿ ಹೊಂದುತ್ತದೆ, ಆದರೆ ತೀರಾ ಸ್ವಲ್ಪ. ಲವಂಗ ಇದರ ಹತ್ತಿರವೂ ಬರಬಾರದು.

ಒಲೆಮುಂದೆ

ಸಲಾಡ್ ಪ್ರಶ್ನೆ ಹಾಗೇ ಉಳಿಯಿತು. ಮೆತ್ತಗಾಗುವುದು ಡ್ರೆಸಿಂಗ್‌ನ ನೀರು ಕುಡಿದು. ಬಡಿಸುವ ಹೊತ್ತಿಗೆ ಮೇಲೆ ಉದುರಿಸಿ, ಮೊದಲೇ ಕಲಸಬೇಡಿ. ಜೋಡಿ ಅಂದರೆ ಸುಟ್ಟ ಬೀಟ್‌ರೂಟ್, ಪೇರ್ ಹಣ್ಣು, ಬೇಯಿಸಿದ ಬೀನ್ಸ್, ಬ್ಲೂ ಚೀಸ್. ಮೊದಲಿನ ಮೂರಕ್ಕೆ ವಿನಿಗರ್ ಅಥವಾ ನಿಂಬೆ ಬೇಕು. ಚೀಸ್‌ನಲ್ಲಿ ಹುಳಿ-ಉಪ್ಪು ಎರಡೂ ಇರುತ್ತವೆ, ಏನೂ ಬೇಡ.

ಖಾರದ ಕಡೆ ಹೋಗುವುದಾದರೆ ಈಜಿಪ್ಟಿನ ದುಕ್ಕಾ ನೋಡಿ: ಹೇಜಲ್‌ನಟ್, ಎಳ್ಳು, ಕೊತ್ತಂಬರಿ ಬೀಜ, ಜೀರಿಗೆ, ಉಪ್ಪು. ಒಂದೊಂದನ್ನೂ ಬೇರೆಬೇರೆ ಹುರಿದು ತರಿತರಿಯಾಗಿ ಕುಟ್ಟುವುದು, ಬ್ರೆಡ್ಡನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ಆ ಪುಡಿಗೆ ಒತ್ತಿ ತಿನ್ನುವುದು. ಸ್ಪೇನ್‌ನ ರೊಮೆಸ್ಕೋ ಸಾಸ್‌ನಲ್ಲೂ ಬಾದಾಮಿಯ ಜೊತೆ ಇದನ್ನು ಹಾಕುತ್ತಾರೆ. ಒಣ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಟೊಮೆಟೊ, ವಿನಿಗರ್. ಅಲ್ಲೂ ಹುಳಿ ಇದೆ ಗಮನಿಸಿ.

ಉಪ್ಪುಹುಳಿ

ರಾತ್ರಿಬೇಕರ್ ಅವರೇ, ಕೇಕ್ ಬೇಯಿಸುವ ಮೊದಲೇ ಒಂದು ಪರೀಕ್ಷೆ ಮಾಡಿ. ಒಂದು ತಟ್ಟೆಯಲ್ಲಿ ಸಿಪ್ಪೆ ತೆಗೆದ ಹೇಜಲ್‌ನಟ್, ಇನ್ನೊಂದರಲ್ಲಿ ಉಪ್ಪಿನ ಹರಳು, ಕಿತ್ತಳೆ ಸಿಪ್ಪೆಯ ತುರಿ, ಎರಡು ಥರದ ಚಾಕೊಲೇಟ್ ಚೂರು. ಒಂದು ಹೇಜಲ್‌ನಟ್ ಬರಿದೇ ಜಗಿದು ಮೂಗಿನಿಂದ ಉಸಿರು ಬಿಡಿ. ಆಮೇಲೆ ಒಂದೊಂದರ ಜೊತೆ. ನುಂಗಿದ ಮೇಲೆ ಹೇಜಲ್‌ನಟ್ ವಾಸನೆ ಬಾಯಲ್ಲಿ ಉಳಿದಿದೆಯಾ ಅಂತ ಮಾತ್ರ ನೋಡಿ. ನಡುನಡುವೆ ನೀರು ಕುಡಿಯಿರಿ.

ರಾತ್ರಿಬೇಕರ್

ಮಾಡಿದೆ. 85ರ ಜೊತೆ ನುಂಗುವ ಮೊದಲೇ ಹೇಜಲ್‌ನಟ್ ಮಾಯ. ಮಿಲ್ಕ್ ಚಾಕೊಲೇಟ್ ಜೊತೆ ಉಳಿಯಿತು. ಉಪ್ಪಿನ ಹರಳು ಇಟ್ಟಾಗ ಮೊದಲು ಗೊತ್ತೇ ಆಗದಿದ್ದ ಒಂದು ಬೆಣ್ಣೆಯಂಥ ಸಿಹಿ ಬಂತು. ಕಿತ್ತಳೆ ತುರಿಯ ಜೊತೆ ಎಲ್ಲಕ್ಕಿಂತ ಚೆನ್ನಾಗಿತ್ತು, ಹಾಗಾಗಿ ಅದನ್ನೇ ಹಿಡಿದುಕೊಂಡೆ. 155 ಡಿಗ್ರಿಯಲ್ಲಿ ಹುರಿದು, ಉಜ್ಜಿ, ಮಿಕ್ಸಿಯಲ್ಲಿ ಎಣ್ಣೆ ಬಿಡುವವರೆಗೆ ಅರೆದೆ. ಇಲ್ಲಿಯವರೆಗೆ ಚೆನ್ನಾಗಿತ್ತು. ಆಮೇಲೆ ಹುಳಿ ಇರಲಿ ಅಂತ ಎರಡು ಚಮಚ ಕಿತ್ತಳೆ ರಸ ಹಾಕಿದೆ ನೋಡಿ, ಹರಿಯುತ್ತಿದ್ದ ಪೇಸ್ಟ್ ಒಂದೇ ಕ್ಷಣದಲ್ಲಿ ಗಟ್ಟಿ ಮುದ್ದೆ. ಇದನ್ನು ಬಿಸಾಕಬೇಕಾ?

ಒಲೆಮುಂದೆ

ಬಿಸಾಕಬೇಡಿ! ಆ ಪೇಸ್ಟ್ ಅಂದರೆ ಎಣ್ಣೆಯಲ್ಲಿ ತೇಲುವ ಸಣ್ಣ ಸಣ್ಣ ಕಣಗಳು. ಸ್ವಲ್ಪ ನೀರು ಬಿದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕರಗಿದ ಚಾಕೊಲೇಟ್‌ಗೆ ನೀರು ತಾಗಿದಾಗ ಆಗುವುದೂ ಇದೇ. ಈಗ ಬಿಸಿ ಕೆನೆಯನ್ನು ಒಂದೊಂದೇ ಚಮಚ ಹಾಕುತ್ತಾ ಕಲಸಿ. ಇನ್ನೂ ಗಟ್ಟಿಯಾಗುತ್ತಿದೆ ಅನಿಸಿದರೂ ನಿಲ್ಲಿಸಬೇಡಿ, ಸ್ವಲ್ಪ ಹೊತ್ತಿಗೆ ಸಡಿಲವಾಗಿ ಹೊಳಪು ಬರುತ್ತದೆ. ಅದನ್ನು ಕೇಕಿನ ಮೇಲೆ ಹಚ್ಚಲು ಇಟ್ಟುಕೊಳ್ಳಿ. ಕೇಕಿನ ಹಿಟ್ಟಿಗೆ ಹೊಸದಾಗಿ ಅರೆದು, ರಸದ ಬದಲು ತುರಿ ಮಾತ್ರ ಹಾಕಿ. ಕಿತ್ತಳೆಯ ವಾಸನೆ ಇರುವುದು ಸಿಪ್ಪೆಯ ಎಣ್ಣೆಯಲ್ಲಿ, ಅದು ಪೇಸ್ಟಿಗೆ ಸಲೀಸಾಗಿ ಸೇರುತ್ತದೆ. ತುರಿಯುವಾಗ ಒಳಗಿನ ಬಿಳಿ ಪದರದವರೆಗೆ ಹೋಗಬೇಡಿ, ಅದು ಕಹಿ.

ಉಪ್ಪುಹುಳಿ

ತುರಿಯಲ್ಲಿ ಹುಳಿ ಇರುವುದಿಲ್ಲ, ಅದು ನೆನಪಿರಲಿ. ಹುಳಿಗೆ ಕೇಕ್ ಪದರಗಳ ನಡುವೆ ರಾಸ್ಪ್‌ಬೆರಿ ಜಾಮ್ ಸವರಿ, ಸಿಹಿ ಕಡಿಮೆ ಇರುವುದನ್ನು.

ರಾತ್ರಿಬೇಕರ್

ಕೆನೆ ಹಾಕಿ ಕಲಸಿದೆ, ಹೊಳಪು ಬಂತು. ಚಮಚ ನೆಕ್ಕಿದೆ, ಹೇಜಲ್‌ನಟ್ ಇದೆ! ಕೇಕ್ ಓವನ್ ಒಳಗಿದೆ, ಜಾಮ್ ಫ್ರಿಜ್‌ನಲ್ಲಿ ಅರ್ಧ ಬಾಟಲಿ ಇದೆ, ಅಷ್ಟು ಸಾಕಾಗುತ್ತದಾ?

ಉಪ್ಪುಹುಳಿ

ಧಾರಾಳವಾಗಿ ಸಾಕು, ತೆಳ್ಳಗೆ ಹಚ್ಚಿ. ಕೇಕ್ ಪೂರ್ತಿ ಆರಿದ ಮೇಲೆಯೇ ಹಚ್ಚಿ, ಬಿಸಿ ಇದ್ದರೆ ಜಾಮ್ ಇಳಿದುಹೋಗುತ್ತದೆ.